ಹೆಸರು ಬರೆಯದ ಅಳತೆ

ಬುಧವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕಟಿಂಗ್ ಮಾಸ್ಟರು ಟ್ರಯಲ್ ಕೋಣೆಯ ಪರದೆಯ ಪಕ್ಕ ಒಬ್ಬ ಮನುಷ್ಯ ನಿಂತಿರುವುದನ್ನು ಕಂಡರು. ಆ ಹೊತ್ತಿಗೆ ಅಂಗಡಿಯ ಮುಂಭಾಗದಲ್ಲಿ ಮಾಸ್ಟರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಹೊತ್ತು ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಮೂರೂವರೆಗೆ ಮಾತ್ರೆ ನುಂಗಬೇಕಿತ್ತು. ಗಡಿಯಾರ ನೋಡಿ ಕಣ್ಣು ಇಳಿಸಿದರು, ಇಳಿಸಿದ ಕಣ್ಣಿಗೆ ಆತ ಬಿದ್ದ. ಬೆನ್ನು ಹಾಕಿ ನಿಂತಿದ್ದ. ಮೈಮೇಲೆ ಅರ್ಧ ಹೊಲಿದ ಕಂದು ಕೋಟು. ಕಚ್ಚಾ ಹೊಲಿಗೆಯ ಬಿಳಿ ದಾರ ಬೆನ್ನಿನುದ್ದಕ್ಕೂ ಎದ್ದು ಕಾಣುತ್ತಿತ್ತು. ಬಲತೋಳು ಕೂಡಿಸಿಯಾಗಿತ್ತು, ಎಡತೋಳು ಇನ್ನೂ ಇಲ್ಲ. ಟ್ರಯಲ್‌ಗೆ ಬಂದ ಗಿರಾಕಿಗಳು ಗುಂಡುಸೂಜಿ ಎಲ್ಲಿ ಚುಚ್ಚೀತೋ ಎಂದು ನಿಲ್ಲುತ್ತಾರಲ್ಲ, ಹಾಗೆ ಮೈ ಬಿಗಿಹಿಡಿದು ನಿಂತಿದ್ದ.

“ಒಂದು ನಿಮಿಷ ಕೂತ್ಕೊಳ್ಳಿ, ನನ್ನ ತಮ್ಮ ಗುಂಡಿ ತರೋಕೆ ಹೋಗಿದ್ದಾನೆ” ಎಂದರು ಮಾಸ್ಟರು.

ಹೇಳಿದ ಮೇಲೆ ಹೊಳೆಯಿತು: ಅಂಗಡಿಯಲ್ಲಿ ಕಂದು ಕೋಟಿನ ಕೆಲಸವೇ ಇಲ್ಲ. ಕೈಯಲ್ಲಿರುವುದು ನಾಲ್ಕು ಕೋಟು, ಮೂರು ಕಪ್ಪು, ಒಂದು ನೀಲಿ. ಕನ್ನಡಕ ತೆಗೆದುಕೊಳ್ಳಲು ಮೇಜಿನತ್ತ ತಿರುಗಿ ಮತ್ತೆ ನೋಡುವಷ್ಟರಲ್ಲಿ ಪರದೆಯ ಪಕ್ಕ ಗೋಡೆ ಮಾತ್ರ ಇತ್ತು. ಬಾಗಿಲು ತೆಗೆದರೆ ಅದರ ಮೇಲಿನ ಗಂಟೆ ಕಿಣಿಗುಟ್ಟುತ್ತದೆ. ಕಿಣಿಗುಟ್ಟಿರಲಿಲ್ಲ.

ಗುಂಡಿಯ ಪೊಟ್ಟಣ ಹಿಡಿದು ತಮ್ಮ ಬಂದಾಗ ಮಾಸ್ಟರು ಏನೂ ಹೇಳಲಿಲ್ಲ. ಹಿಂದಿನ ಕೋಣೆಯಲ್ಲಿ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದ ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲದವರನ್ನು ಕಾಣುವ ಮನುಷ್ಯನ ಕೈಯಲ್ಲಿ ಹನ್ನೆರಡು ಇಂಚಿನ ಕತ್ತರಿಯನ್ನು ಯಾರೂ ಬಿಡುವುದಿಲ್ಲ.

ಕತ್ತರಿ ಹೋದರೆ ಉಳಿಯುವುದೇನು? ಅಂಗಡಿಯಲ್ಲಿ ಇರುವುದೇ ಮೂವರು. ಮಾಸ್ಟರು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಾರೆ. ತಮ್ಮ ಮಿಷನ್ ತುಳಿಯುತ್ತಾನೆ, ಇಸ್ತ್ರಿ ಹಾಕುತ್ತಾನೆ. ದಿನವಿಡೀ ಇಸ್ತ್ರಿಪೆಟ್ಟಿಗೆಯ ಬಳಿಯೇ ಇರುವುದರಿಂದ ಬೀದಿಯವರೆಲ್ಲ ಅವನನ್ನು ಕೆಂಡ ಎನ್ನುತ್ತಾರೆ. ಹೆಂಡತಿ ಕಾಜಾ, ಗುಂಡಿ, ಮಡಿಕೆಯ ಕೈಹೊಲಿಗೆ ನೋಡಿಕೊಳ್ಳುತ್ತಾಳೆ. ಗಿರಾಕಿಗಳು ಬರುವುದು ಮಾಸ್ಟರ ಕತ್ತರಿಗೆ. ಅದನ್ನು ಮೂವರೂ ಬಲ್ಲರು.

ಕಾಯಿಲೆ ಪಾರ್ಕಿನ್ಸನ್ಸ್ ಎಂದು ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ಮೊದಲು ಹೋದದ್ದು ವಾಸನೆ. ಇಸ್ತ್ರಿಯ ಕೆಳಗೆ ಉಣ್ಣೆ ಸುಟ್ಟು ಕರಕಲಾಗುತ್ತಿದ್ದರೂ ಮಾಸ್ಟರ ಮೂಗಿಗೆ ಬಡಿಯಲಿಲ್ಲ, ನೆಗಡಿಯಿರಬೇಕು ಎಂದುಕೊಂಡರು. ಆಮೇಲೆ ಅಳತೆ ಪುಸ್ತಕದಲ್ಲಿ ಅಕ್ಷರ ಸಣ್ಣದಾಗುತ್ತ ಬಂತು. ಸಾಲಿನ ಆರಂಭದಲ್ಲಿ ಬಟಾಣಿಯಷ್ಟಿದ್ದದ್ದು ಕೊನೆಗೆ ಸಾಸಿವೆಯಷ್ಟು. ಬಲಗೈ ನಡುಗಿದ್ದು ಎಲ್ಲಕ್ಕಿಂತ ಕೊನೆಗೆ. ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಒಂದೊಂದೇ ಸಾಯುತ್ತಿವೆ, ಸತ್ತದ್ದನ್ನು ಮರಳಿ ತರಲಾಗುವುದಿಲ್ಲ, ಕೊರತೆಯನ್ನು ಮಾತ್ರೆಯಿಂದ ತುಂಬಬಹುದು ಎಂದು ನರರೋಗದ ಡಾಕ್ಟರಮ್ಮ ವಿವರಿಸಿದ್ದರು. ದಿನಕ್ಕೆ ಮೂರು ಮಾತ್ರೆ. ಎರಡು ತಿಂಗಳ ಹಿಂದೆ ಅದನ್ನು ನಾಲ್ಕಕ್ಕೆ ಏರಿಸಿದ್ದರು.

ಮಾತ್ರೆಯ ಜೊತೆ ವ್ಯಾಯಾಮವೂ ಸೇರಿತ್ತು. ಬಾಗಿಲು ದಾಟುವಾಗ ಮಾಸ್ಟರ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ವ್ಯಾಯಾಮ ಹೇಳಿಕೊಡುವ ಹುಡುಗಿ ಅಂಗಡಿಗೇ ಬಂದು ನೋಡಿ, ಮೇಜಿನ ಮೇಲಿದ್ದ ಸೀಮೆಸುಣ್ಣದಿಂದ ಹೊಸ್ತಿಲಿನ ಈಚೆ ಆಚೆ ಅಡ್ಡಗೆರೆ ಎಳೆದಳು. ಗೆರೆ ದಾಟಬೇಕು ಎಂದುಕೊಂಡು ಕಾಲೆತ್ತಿ ಎಂದಳು. ಕಾಲು ಎದ್ದಿತು. ಮರುದಿನದಿಂದ ಗೆರೆ ಎಳೆಯುವ ಕೆಲಸವನ್ನು ಮಾಸ್ಟರೇ ವಹಿಸಿಕೊಂಡರು, ಪ್ರತಿ ಗೆರೆಗೂ ಹದಿನೆಂಟು ಇಂಚು ಅಂತರ.

“ಅಣ್ಣ, ನೆಲಕ್ಕೂ ಅಳತೆ ತಗೊಂಡ್ಯಾ? ಟ್ರಯಲ್ ಯಾವತ್ತು?” ಎಂದು ಕೆಂಡ ನಗಾಡಿದ.

“ನಿನ್ನ ಬಾಯಿಗೆ ಕಾಜಾ ಹಾಕಿದ ಮೇಲೆ.”

ಹೆಂಡತಿ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಬಿಸಿನೀರು ಕೊಡುತ್ತಿದ್ದಳು. ಅದರಲ್ಲಿ ಕದಡಿದ ಪುಡಿ ಇರುತ್ತಿತ್ತು. ಏನಿದು ಎಂದರೆ ಹೊಟ್ಟೆ ಸಲೀಸಾಗಲಿಕ್ಕೆ ಎನ್ನುತ್ತಿದ್ದಳು. ಈ ಕಾಯಿಲೆಯಲ್ಲಿ ಮಲಬದ್ಧತೆ ಸಾಮಾನ್ಯವಾದ್ದರಿಂದ ಮಾಸ್ಟರು ಮರುಮಾತಿಲ್ಲದೆ ಕುಡಿಯುತ್ತಿದ್ದರು. ಅವರದ್ದೂ ಒಂದು ಗುಟ್ಟಿತ್ತು. ದೊಡ್ಡ ಕಟಿಂಗ್ ಇದ್ದ ದಿನ ಯಾರಿಗೂ ಕಾಣದಂತೆ ಅರ್ಧ ಮಾತ್ರೆ ಹೆಚ್ಚಿಗೆ ನುಂಗುತ್ತಿದ್ದರು. ಮೊದಮೊದಲು ವಾರಕ್ಕೆ ಎರಡು ಸಲ. ಈಗ ದಿನಾ. ನುಂಗಿ ಮುಕ್ಕಾಲು ಗಂಟೆಗೆ ಕೈ ಸಡಿಲವಾಗುತ್ತಿತ್ತು, ಕತ್ತರಿ ನೀರಿನಲ್ಲಿ ಹೋದಂತೆ ಹೋಗುತ್ತಿತ್ತು. ಹಾಗೆಂದು ಅವರು ನಂಬಿದ್ದರು.

ಕಂದು ಕೋಟಿನವನು ಶುಕ್ರವಾರ ಮತ್ತೆ ಬಂದ. ಆಮೇಲೆ ದಿನಾ ಬಂದ.

ಬರುವುದು ಯಾವಾಗಲೂ ಹಗಲಿನಲ್ಲಿ, ಕೆಲಸದ ಹೊತ್ತಿನಲ್ಲಿ. ಕೆಂಡ ಮಿಷನ್ ತುಳಿಯುತ್ತಿದ್ದರೂ ಬರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಹೆಜ್ಜೆಯ ಸದ್ದೂ ಇಲ್ಲ. ಒಂದು ದಿನ ನೇತುಹಾಕಿದ ಕೋಟುಗಳ ಸಾಲಿನಲ್ಲಿ ಐದನೆಯ ಕೋಟಾಗಿ ನಿಂತಿದ್ದ. ಮಾಸ್ಟರು ಎಣಿಸಿದರು, ಐದು. ಕಣ್ಣುಜ್ಜಿ ಎಣಿಸಿದರು, ಐದು. ಹೋಗಿ ಒಂದೊಂದರ ತೋಳನ್ನೂ ಹಿಡಿದು ಎಣಿಸಿದರು, ನಾಲ್ಕು. ಇನ್ನೊಂದು ದಿನ ಆತ ಪರದೆಯಿಂದ ಬಾಗಿಲ ತನಕ ನಡೆದು ಹೋದ. ಬಲಗೈ ಬೀಸುತ್ತಿತ್ತು. ಎಡಗೈ ಮೊಣಕೈಯಲ್ಲಿ ಮಡಚಿ ಹೊಟ್ಟೆಯ ಹತ್ತಿರ ಅಲ್ಲಾಡದೆ ನಿಂತಿತ್ತು, ಎಡ ಭುಜ ಅರ್ಧ ಇಂಚು ಇಳಿದಿತ್ತು.

ಮನುಷ್ಯರನ್ನು ಮುಖದಿಂದ ಗುರುತಿಸುವುದು ಊರವರ ಪದ್ಧತಿ. ಮಾಸ್ಟರು ನಲವತ್ತು ವರ್ಷದಿಂದ ಭುಜದಿಂದ ಗುರುತಿಸುತ್ತಿದ್ದರು. ಆ ಭುಜ ಅವರ ಮಾವನದು. ಮಾವ ತೀರಿಕೊಂಡು ಇಪ್ಪತ್ತೊಂದು ವರ್ಷ.

ಈ ಅಂಗಡಿ ಇಟ್ಟವರು ಮಾವ. ಮಾಸ್ಟರು ಇಲ್ಲಿಗೆ ಕೆಲಸ ಕಲಿಯಲು ಬಂದವರು, ಆಮೇಲೆ ಅಳಿಯನಾದವರು. ಮಾವನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಕತ್ತರಿಸುವಾಗ ಆದ ತಪ್ಪನ್ನು ಹೊಲಿಯುವವರು ಸದ್ದಿಲ್ಲದೆ ಸರಿ ಮಾಡಿಕೊಳ್ಳಬೇಕು. ಹೊಲಿಗೆಯಲ್ಲಿ ತಪ್ಪಾದರೆ ಇಸ್ತ್ರಿಯವರು. ಗಿರಾಕಿಯ ಎದುರಿಗಂತೂ ಯಾರೂ ಯಾರ ತಪ್ಪನ್ನೂ ಎತ್ತಕೂಡದು. ಅದಕ್ಕಾಗಿಯೇ ಬಟ್ಟೆಯ ಒಳಗಡೆ ಒಂದು ಇಂಚು ಹೆಚ್ಚಿಗೆ ಬಿಡುವುದು, ಅದಕ್ಕೆ ಅವರು ಮಾರ್ಜಿನ್ ಎನ್ನುತ್ತಿದ್ದರು.

ಇಪ್ಪತ್ತಾರು ವರ್ಷದ ಹಿಂದೆ ಆ ಕಟ್ಟಳೆಯನ್ನು ಮುರಿದವರು ಮಾಸ್ಟರೇ. ಮಾವನ ಕತ್ತರಿ ಆರು ತಿಂಗಳಿಂದ ಗೆರೆ ಬಿಟ್ಟು ಓಡುತ್ತಿತ್ತು. ಕೈ ನಡುಗುತ್ತಿತ್ತು. ನಡಿಗೆ ತಡವರಿಸುತ್ತಿತ್ತು. ಮಾತು ಗೊಣಗಿನ ಹಾಗೆ ಕೇಳುತ್ತಿತ್ತು. ಮಾವ ಆಗೊಮ್ಮೆ ಈಗೊಮ್ಮೆ ಕುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಗಿರಾಕಿ ಎದುರಿಗೆ ನಿಂತಿರುವಾಗಲೇ, ಮಾವ ಕೋಟಿನ ಎದೆಭಾಗವನ್ನು ಅಡ್ಡಾದಿಡ್ಡಿ ಕತ್ತರಿಸಿದರು. ಅಳಿಯ ಅವರ ಕೈಯಿಂದ ಕತ್ತರಿ ಕಿತ್ತುಕೊಂಡು, “ಸಾಕು ಮಾವ. ಕುಡ್ಕೊಂಡು ಬಂದು ಕತ್ತರಿ ಮುಟ್ಟಬೇಡಿ” ಎಂದ.

ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೋಪವಿಲ್ಲ, ನಾಚಿಕೆಯಿಲ್ಲ. ಕಣ್ಣು ಮಿಟುಕಿಸದೆ ನೋಡಿದರು. ಎಂಥ ದುರಹಂಕಾರ ಎಂದುಕೊಂಡಿದ್ದ ಅಳಿಯ. ಮಾವ ಅಂದು ಹೊರಟವರು ಮತ್ತೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಐದು ವರ್ಷ ಮನೆಯ ಒಂದು ಕುರ್ಚಿಯಲ್ಲಿ ಕೂತು ಸತ್ತರು. ಕುಡಿತದಿಂದ ಹಾಳಾದವರು ಎಂದೇ ಬೀದಿ ಮಾತಾಡಿಕೊಂಡಿತು. ಆ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಕಾಜಾ ಹಾಕುತ್ತ ಕುಳಿತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡಹೆಂಡಿರು ಆ ವಿಷಯವನ್ನು ಒಂದು ಸಲವೂ ಎತ್ತಿರಲಿಲ್ಲ.

ಈಗ ಟ್ರಯಲ್ ಕನ್ನಡಿಯ ಎದುರು ನಿಂತಾಗಲೆಲ್ಲ ಮಾಸ್ಟರಿಗೆ ಆ ಮುಖ ಕಾಣುತ್ತಿತ್ತು. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯುತ್ತವೆ, ಒಳಗೆ ಅಳು ಬಂದರೂ ಹೊರಗೆ ಕಾಣುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ಅವರು ಮನೆಗೆ ಬಂದು ಕನ್ನಡಿ ನೋಡಿಕೊಂಡಿದ್ದರು. ನಗಲು ಹೋದರು. ಕನ್ನಡಿಯೊಳಗಿನ ಮನುಷ್ಯ ನಗಲಿಲ್ಲ.

ಮೂರನೆಯ ವಾರ ಡಾಕ್ಟರಮ್ಮನ ಬಳಿ ಹೋಗುವ ಸರದಿ ಬಂತು. ಹೆಂಡತಿ ಜೊತೆಗಿದ್ದಳು. ಡಾಕ್ಟರಮ್ಮ ಬೆರಳಿಗೆ ಬೆರಳು ತಟ್ಟಿಸಿದರು, ನಡೆಸಿದರು, ಕಾಗದದ ಮೇಲೆ ಬರೆಸಿದರು. ಕುಳಿತಲ್ಲೇ ಮಾಸ್ಟರ ಭುಜ ಬಳ್ಳಿಯ ಹಾಗೆ ಹೊರಳುತ್ತಿದ್ದುದನ್ನು ಗಮನಿಸಿ, “ಇದು ಯಾವಾಗಿಂದ?” ಎಂದರು. ಮಾಸ್ಟರಿಗೆ ಗೊತ್ತಿರಲಿಲ್ಲ.

“ಕಣ್ಣಿಗೆ ಏನಾದರೂ ಕಾಣ್ಸುತ್ತಾ? ಬೇರೆಯವರಿಗೆ ಕಾಣದೇ ಇರೋ ಮನುಷ್ಯರು, ಪ್ರಾಣಿಗಳು? ಹಿಂದೆ ಯಾರೋ ನಿಂತ ಹಾಗೆ ಅನ್ಸೋದು?”

ಅಷ್ಟು ಸಲೀಸಾಗಿ ಕೇಳಿದರು, ಹಸಿವಾಗುತ್ತಾ ಎಂದು ಕೇಳಿದ ಹಾಗೆ. ಆತ ಆಗಲೂ ಇದ್ದ, ಎತ್ತರ ತೂಕ ನೋಡುವ ಕಂಬದ ಪಕ್ಕದಲ್ಲಿ.

“ಇಲ್ಲ” ಎಂದರು.

“ಮಾತ್ರೆ ಹೇಳಿದಷ್ಟೇ ತಗೋತಿದ್ದೀರಾ? ಬೇರೆ ಯಾವುದಾದರೂ ಔಷಧಿ?”

“ಇಲ್ಲ” ಎಂದರು ಮಾಸ್ಟರು. “ಇಲ್ಲ” ಎಂದಳು ಹೆಂಡತಿ, ಅದೇ ಉಸಿರಿನಲ್ಲಿ.

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಹಿಂಬದಿಯ ಹಾಲ್‌ನಲ್ಲಿ ವ್ಯಾಯಾಮದ ಕ್ಲಾಸು. ಹದಿನಾಲ್ಕು ಜನ, ಎಲ್ಲರಿಗೂ ಇದೇ ಕಾಯಿಲೆ. ಹುಡುಗಿ ಡೋಲಿನ ತಾಳ ಹಾಕುತ್ತಾಳೆ, ತಾಳಕ್ಕೆ ಸರಿಯಾಗಿ ದೊಡ್ಡ ಹೆಜ್ಜೆ ಇಡಬೇಕು, ಕೈ ಅಗಲ ಬೀಸಬೇಕು, ಆಮೇಲೆ ಗೋಡೆಯಾಚೆಯವರಿಗೆ ಕೇಳುವ ಹಾಗೆ ಸಂಖ್ಯೆ ಕೂಗಬೇಕು. ಇದರಿಂದ ಕಾಯಿಲೆ ಹೋಗಲ್ಲ, ನೀವು ಬೀಳೋದು ಕಡಿಮೆಯಾಗುತ್ತೆ ಎಂದು ಮೊದಲ ದಿನವೇ ಹೇಳಿದ್ದಳು. ಆ ಪ್ರಾಮಾಣಿಕತೆಗೇ ಮಾಸ್ಟರು ಒಂದು ಕ್ಲಾಸೂ ತಪ್ಪಿಸಿರಲಿಲ್ಲ.

ವಿರಾಮದಲ್ಲಿ ಪಕ್ಕ ಬಂದು ಕುಳಿತವರು ನಿವೃತ್ತ ಬಸ್ ಡ್ರೈವರ್, ಮಾಸ್ಟರಿಗಿಂತ ಐದಾರು ವರ್ಷ ದೊಡ್ಡವರು. ಲೋಟದ ನೀರು ಅರ್ಧ ಅಂಗಿಗೆ, ಅರ್ಧ ಬಾಯಿಗೆ ಹೋಗುತ್ತಿತ್ತು.

“ಏನ್ರೀ, ಅಲ್ಲಿ ಆ ಮೂಲೆಯಲ್ಲಿ ಯಾರಿದ್ದಾರೆ? ಅವಾಗಿಂದ ಅಲ್ಲೇ ನೋಡ್ತಿದ್ದೀರಿ” ಎಂದರು ಡ್ರೈವರು.

“ಯಾರೂ ಇಲ್ಲ.”

“ಗೊತ್ತು ಯಾರೂ ಇಲ್ಲ ಅಂತ. ನಾನು ಕೇಳಿದ್ದು ನಿಮಗೆ ಯಾರಿದ್ದಾರೆ ಅಂತ.” ದನಿ ತಗ್ಗಿಸಿದರು. “ನನಗೆ ಬೆಕ್ಕು ಬರುತ್ತೆ. ಬಿಳೀದು. ಹಾಲು ಕೇಳಲ್ಲ, ಸೋಫಾ ಕೆರೆಯಲ್ಲ, ಬಂಗಾರದಂಥ ಬೆಕ್ಕು. ನನ್ನ ಹೆಂಡ್ತಿ ಅದರ ಮೇಲೇ ಕೂತ್ಕೋತಾಳೆ, ಅದೊಂದು ಬೇಜಾರು.”

ಮಾಸ್ಟರಿಗೆ ನಗು ಬಂತು. ಮುಖಕ್ಕೆ ಬರಲಿಲ್ಲ, ಹೊಟ್ಟೆಯಲ್ಲಿ ಬಂತು.

“ಡಾಕ್ಟರಿಗೆ ಹೇಳಿದ್ರಾ?”

“ಹೇಳ್ದೆ. ಮಾತ್ರೆ ಸ್ವಲ್ಪ ಇಳಿಸಿದರು. ಬೆಕ್ಕು ಮೊದಲು ನಾಲ್ಕಿತ್ತು, ಈಗ ಒಂದೇ. ಕೈ ಸ್ವಲ್ಪ ಗಟ್ಟಿಯಾಯ್ತು, ಏನ್ಮಾಡೋದು. ನಾನೇನು ಇನ್ನು ಬಸ್ ಓಡಿಸ್ಬೇಕಾ? ನಿಮ್ಮದು ಏನು, ನಾಯಿಯಾ?”

“ನಮ್ಮ ಮಾವ.”

ಡ್ರೈವರು ಲೋಟ ಕೆಳಗಿಟ್ಟು, “ಅಯ್ಯೋ ಪಾಪ” ಎಂದರು. ಯಾರಿಗೆ ಅಂದದ್ದೋ ತಿಳಿಯಲಿಲ್ಲ.

ಮಾಸ್ಟರು ಅಂದೂ ಮನೆಯಲ್ಲಿ ಹೇಳಲಿಲ್ಲ. ಡ್ರೈವರಿಗೆ ಬಸ್ಸಿಲ್ಲ, ತನಗೆ ಕತ್ತರಿ ಇದೆ ಎಂದು ಲೆಕ್ಕ ಹಾಕಿದರು.

ಸೋಮವಾರ ವಕೀಲರೊಬ್ಬರ ಬೂದು ಬಟ್ಟೆ ಮೇಜಿಗೆ ಬಂತು. ಹಳೆಯ ಗಿರಾಕಿ, ಎದೆ ನಲವತ್ತನಾಲ್ಕು. ಮಾಸ್ಟರು ಎರಡು ಗಂಟೆಗೇ ಮೂರೂವರೆಯ ಮಾತ್ರೆ, ಅದರ ಮೇಲೆ ಅರ್ಧ, ಅದರ ಮೇಲೆ ಇನ್ನರ್ಧ ನುಂಗಿದರು. ಮೂರು ಗಂಟೆಗೆ ಆತ ಬಂದ. ಈ ಸಲ ಮೇಜಿನ ಅಂಚಿಗೇ ಬಂದು, ಅಳತೆಗೆ ನಿಂತವರ ಹಾಗೆ ಎರಡೂ ಕೈಗಳನ್ನು ಮೈಯಿಂದ ಸ್ವಲ್ಪ ದೂರ ಇಟ್ಟು ನಿಂತ. ಎಷ್ಟು ಹತ್ತಿರವೆಂದರೆ ಕಚ್ಚಾ ಹೊಲಿಗೆಯ ಒಂದೊಂದು ಟಾಕೂ ಎಣಿಸಬಹುದಿತ್ತು. ಟಾಕು ಮಾಸ್ಟರದೇ ಕೈಯದು.

ಮಿಷನ್ ನಿಂತಿತ್ತು, ಕೆಂಡ ಊಟಕ್ಕೆ ಹೋಗಿದ್ದ. ಮಾಸ್ಟರು ಕೊರಳಿನ ಟೇಪು ತೆಗೆದರು.

ಹೆಂಡತಿ ನಾಲ್ಕು ಗಂಟೆಗೆ ಕಾಜಾದ ಜಾಗ ಕೇಳಲು ಹೊರಗೆ ಬಂದಳು. ವಕೀಲರ ಬೂದು ಬಟ್ಟೆ ಕತ್ತರಿಸಿ ಮುಗಿದಿತ್ತು. ಬೆನ್ನಿನ ತುಂಡು ಎತ್ತಿ ನೋಡಿದಳು. ಆಕೆಗೆ ಟೇಪು ಬೇಕಾಗಲಿಲ್ಲ. ಇದು ವಕೀಲರ ಬೆನ್ನಲ್ಲ, ಅದರ ಮುಕ್ಕಾಲು. ಅಳತೆ ಪುಸ್ತಕ ತೆರೆದಿತ್ತು. ಪುಟದ ಮೇಲ್ಗಡೆ ಗಿರಾಕಿಯ ಹೆಸರು ಬರೆಯುವ ಜಾಗ ಖಾಲಿ. ಕೆಳಗೆ ಸಾಸಿವೆಯಂಥ ಅಕ್ಷರದಲ್ಲಿ: ಎದೆ ಮೂವತ್ತಾರು, ಭುಜ ಹದಿನಾರು, ತೋಳು ಇಪ್ಪತ್ತಮೂರು ಮುಕ್ಕಾಲು, ಎಡ ಭುಜ ಅರ್ಧ ಇಂಚು ಇಳಿಸಿ.

ಆಕೆ ಮದುವೆಗೆ ಮುಂಚೆ ಹತ್ತು ವರ್ಷ ಅಪ್ಪನ ಅಂಗಿ ಹೊಲಿದವಳು. ಪುಸ್ತಕವನ್ನು ಗಂಡನ ಮುಂದೆ ಹಿಡಿದಳು.

“ರೀ, ಇದು ಯಾರ ಅಳತೆ?”

ಮಾಸ್ಟರು ಟೇಪು ಸುತ್ತತೊಡಗಿದರು.

“ಕೇಳ್ತಿದ್ದೀನಿ. ಯಾರ ಮೈ ಮೇಲೆ ಟೇಪು ಇಟ್ಟು ಬರೆದಿದ್ದು ಇದನ್ನ?”

“ನಿಮ್ಮಪ್ಪನ ಮೈ ಮೇಲೆ” ಎಂದರು ಮಾಸ್ಟರು. ಆಮೇಲೆ ಎಲ್ಲವೂ ಹೊರಗೆ ಬಂತು. ಕಂದು ಕೋಟು, ಐದನೆಯ ಕೋಟು, ತೂಕದ ಕಂಬದ ಪಕ್ಕ ನಿಂತದ್ದು, ಅರ್ಧ ಮಾತ್ರೆ. ಮಾತು ಗೊಣಗಿನ ಹಾಗೆ ಕೇಳುತ್ತಿತ್ತು. ಆಕೆ ಹತ್ತಿರ ಹೋಗಿ ಕಿವಿಗೊಡಬೇಕಾಯಿತು.

ಆಕೆ ಅಳಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತು, “ಮುಖ ತೋರಿಸಿದನಾ?” ಎಂದು ಕೇಳಿದಳು.

“ಇಲ್ಲ. ಯಾವಾಗಲೂ ಬೆನ್ನು.”

“ಬೆಳಗ್ಗೆ ಸಂಜೆ ನಾನು ಕೊಡೋ ನೀರಿದೆಯಲ್ಲ, ಅದು ಹೊಟ್ಟೆಗಲ್ಲ. ನಸುಗುನ್ನಿ ಬೀಜದ ಪುಡಿ. ನಡುಕಕ್ಕೆ ಒಳ್ಳೇದು ಅಂತ ಗಿಡಮೂಲಿಕೆ ಅಂಗಡಿಯವನು ಹೇಳ್ದ. ಅಪ್ಪನಿಗೆ ಯಾರೂ ಏನೂ ಮಾಡಲಿಲ್ಲ, ನಾನೂ ಮಾಡಲಿಲ್ಲ, ನಿಮಗಾದರೂ ಮಾಡೋಣ ಅಂತ. ಒಂದು ಚಮಚ ಅಂದಿದ್ದ. ನಾನು ಮಾರ್ಜಿನ್ ಇರಲಿ ಅಂತ ಒಂದೂವರೆ ಹಾಕ್ತಿದ್ದೆ.”

ಮರುದಿನ ಮೂವರೂ ಡಾಕ್ಟರಮ್ಮನ ಬಳಿ ಹೋದರು. ಡಾಕ್ಟರಮ್ಮ ಬೈಯಲಿಲ್ಲ. ಪುಡಿಯ ಡಬ್ಬಿ ಮೂಸಿ ನೋಡಿ ಮೇಜಿನ ಮೇಲಿಟ್ಟರು.

“ಇದರಲ್ಲಿ ಔಷಧಿ ಇಲ್ಲ ಅಂತ ನಾನು ಹೇಳಲ್ಲಮ್ಮ. ಇದೆ. ನಾನು ಮಾತ್ರೆಯಲ್ಲಿ ಕೊಡ್ತಿರೋ ಲೆವೊಡೋಪವೇ ಇದರಲ್ಲೂ ಇರೋದು. ಒಂದು ಚಮಚದಲ್ಲಿ ಎಷ್ಟು ಅಂತ ನಿಮಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ, ಕಷ್ಟ ಅದು. ನಾನು ಒಂದು ಮಾತ್ರೆ ಏರಿಸ್ದೆ. ನೀವು ಪುಡಿ ಹಾಕಿದ್ರಿ. ಇವರು ಅರ್ಧ ಅರ್ಧ ಸೇರಿಸಿದರು. ಭುಜ ಹೊರಳ್ತಿರೋದೂ ಅದಕ್ಕೇ, ಆ ಮನುಷ್ಯ ಬರ್ತಿರೋದೂ ಬಹುಶಃ ಅದಕ್ಕೇ.”

“ಬಹುಶಃ?” ಎಂದರು ಮಾಸ್ಟರು.

“ಕಾಯಿಲೆಯಿಂದಲೂ ಬರಬಹುದು. ಇಳಿಸಿ ನೋಡಬೇಕು. ಒಂದೇ ಸಲಕ್ಕೆ ನಿಲ್ಲಿಸೋ ಹಾಗಿಲ್ಲ, ಅಪಾಯ. ಹಂತ ಹಂತವಾಗಿ.”

“ಇಳಿಸಿದರೆ ಕೈ?”

ಡಾಕ್ಟರಮ್ಮ ಉತ್ತರಿಸುವ ಮುಂಚೆ ಕೆಂಡ ಕೆಮ್ಮಿದ. ಅವನು ಬಾಗಿಲ ಬಳಿ ನಿಂತಿದ್ದ.

“ಅಣ್ಣ, ನಿನ್ನ ಕೈ ಎರಡು ತಿಂಗಳಿಂದ ಗೆರೆ ಮೇಲೆ ಇಲ್ಲ” ಎಂದ. “ನಾನು ಮಿಷನ್ನಿಗೆ ಹಾಕೋ ಮುಂಚೆ ತುಂಡುಗಳನ್ನ ಮತ್ತೆ ಕತ್ತರಿಸ್ಕೊತಿದ್ದೆ. ನೀನು ಬಿಟ್ಟ ಮಾರ್ಜಿನ್ನಲ್ಲೇ ಸರಿ ಮಾಡ್ತಿದ್ದೆ. ಹೇಳಬಾರದು ಅಂತ ಅಲ್ವಾ ನಮ್ಮಲ್ಲಿ ಪದ್ಧತಿ.”

ಕತ್ತರಿಯನ್ನು ಉಳಿಸಿಕೊಳ್ಳಲು ಮಾಸ್ಟರು ಮಾವನನ್ನು ಸಹಿಸಿದ್ದರು. ಎರಡು ತಿಂಗಳಿಂದ ಅವರ ಕತ್ತರಿ ಕೆಂಡನ ಕೈಯಲ್ಲಿತ್ತು.

“ಎಷ್ಟು ತಪ್ಪುತ್ತಿತ್ತು?” ಎಂದು ಕೊನೆಗೆ ಕೇಳಿದರು.

“ಕಾಲು ಇಂಚು. ಕೆಲವು ಸಲ ಮುಕ್ಕಾಲು.”

“ಮುಕ್ಕಾಲು” ಎಂದರು ಮಾಸ್ಟರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೆಂಡತಿ ಆ ಮುಖವನ್ನೇ ನೋಡುತ್ತಿದ್ದಳು. ಇಂಥದೊಂದು ಮುಖದ ಎದುರು ಐದು ವರ್ಷ ಅನ್ನದ ತಟ್ಟೆ ಇಟ್ಟವಳು ಅವಳು. ಗಂಡನ ಮೊಣಕೈ ಹಿಡಿದು ಎಬ್ಬಿಸಿದಳು.

ಪುಡಿ ಡಾಕ್ಟರಮ್ಮ ಹೇಳಿದ ಹಾಗೆ ಹಂತ ಹಂತವಾಗಿ ಇಳಿದು ನಿಂತಿತು. ಕದ್ದು ನುಂಗುವ ಅರ್ಧಗಳೂ ನಿಂತವು. ಮಾತ್ರೆಯನ್ನು ಹೆಂಡತಿ ಡಬ್ಬಿಯಲ್ಲಿ ಹೊತ್ತಿನ ಪ್ರಕಾರ ಇಟ್ಟು, ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟಳು. ಮೊದಲ ವಾರ ಆತ ಎಂದಿನ ಹಾಗೇ ಬಂದ. ಎರಡನೆಯ ವಾರ ಕೋಟಿನ ಬಣ್ಣ ಮಾಸಿತು. ಒಂದು ಮಧ್ಯಾಹ್ನ ತೋಳಿಲ್ಲ, ಇನ್ನೊಂದು ಮಧ್ಯಾಹ್ನ ತಲೆಯಿಲ್ಲ. ಹದಿನೈದನೆಯ ದಿನ ಮನುಷ್ಯನೂ ಇಲ್ಲ, ಕೋಟೂ ಇಲ್ಲ, ಬೆನ್ನಿನುದ್ದದ ಬಿಳಿ ಟಾಕುಗಳ ಸಾಲೊಂದು ಪರದೆಯ ಪಕ್ಕ ಗಾಳಿಯಲ್ಲಿ ನಿಂತಿತ್ತು. ಅದರ ಎಡತುದಿ ಅರ್ಧ ಇಂಚು ಕೆಳಗಿತ್ತು.

ಇನ್ನು ಹೊತ್ತಿಲ್ಲ ಎಂದು ಮಾಸ್ಟರಿಗೆ ಅನ್ನಿಸಿತು. ಸೀಮೆಸುಣ್ಣದ ಗೆರೆಗಳನ್ನು ಒಂದೊಂದಾಗಿ ದಾಟಿ ಹತ್ತಿರ ಹೋದರು. ಕ್ಲಾಸಿನಲ್ಲಿ ಕಲಿಸಿದ ಹಾಗೆ ಎದೆ ತುಂಬ ಉಸಿರೆಳೆದು, ಗೋಡೆಯಾಚೆಗೆ ಕೇಳುವ ದನಿಯಲ್ಲಿ, “ಮಾವ, ಇದು ಕಾಯಿಲೆ ಅಂತ ನನಗೆ ಗೊತ್ತಿರಲಿಲ್ಲ” ಎಂದರು.

ಹಿಂದಿನ ಕೋಣೆಯಲ್ಲಿ ಕಾಜಾ ಹಾಕುತ್ತಿದ್ದ ಸೂಜಿ ನಿಂತಿತು. ಮರುದಿನ ಆ ಟಾಕುಗಳೂ ಇರಲಿಲ್ಲ. ಬೆನ್ನ ಹಿಂದೆ ಯಾರೋ ಇದ್ದಾರೆ ಎಂಬ ಭಾವ ಮಾತ್ರ ಬಹಳ ದಿನ ಉಳಿಯಿತು. ಮಾಸ್ಟರು ತಿರುಗಿ ನೋಡುವುದನ್ನು ಬಿಟ್ಟರು.

ಕೈ ನಿಧಾನವಾಯಿತು. ಬಾಗಿಲಲ್ಲಿ ಕಾಲು ಹಿಂದಿಗಿಂತ ಹೆಚ್ಚು ಸಲ ಅಂಟಿತು. ವಕೀಲರಿಗೆ ಅದೇ ಬೂದು ಬಟ್ಟೆ ಬೇರೆ ಕಡೆಯಿಂದ ತರಿಸಿಯಾಗಿತ್ತು. ಬುಧವಾರ ಬೆಳಿಗ್ಗೆ ಹತ್ತೂವರೆಗೆ ವಕೀಲರು ತಮ್ಮ ಕಣ್ಣೆದುರೇ ಕತ್ತರಿಸಬೇಕೆಂದು ಬಂದು ಕುಳಿತರು.

“ಮಾಸ್ಟರೇ, ಹೋದ ಸಲ ನಾನು ತೂಕ ಇಳಿಸಿದರೆ ಆಗೋ ಅಳತೆಗೆ ಕತ್ತರಿಸಿದ್ರಂತೆ. ಡಾಕ್ಟರೂ ಅದನ್ನೇ ಹೇಳ್ತಿದ್ದಾರೆ, ಈ ಸಲ ಸ್ವಲ್ಪ ದಯೆ ಇರಲಿ” ಎಂದರು.

ಮಾಸ್ಟರು ಬಟ್ಟೆ ಹರಡಿದರು. ಗೆರೆ ಹಾಕಿದರು. ಮಣಿಕಟ್ಟಿನಿಂದ ಹಾಕಿದರೆ ಗೆರೆ ನಡುಗುತ್ತದೆ, ಭುಜದಿಂದ ಬೀಸಿ ಹಾಕಿದರೆ ನೆಟ್ಟಗೆ ಬರುತ್ತದೆ ಎಂದು ಈಚೆಗೆ ಕಂಡುಕೊಂಡಿದ್ದರು. ಗೆರೆ ನೆಟ್ಟಗೇ ಬಂತು. ಕತ್ತರಿ ಎತ್ತಿಕೊಂಡರು. ಬಟ್ಟೆಯ ಅಂಚಿಗೆ ತಂದು, ಅದನ್ನು ಅಲ್ಲೇ ಇಟ್ಟು, ಹಿಂದಿನ ಕೋಣೆಯತ್ತ ತಿರುಗಿದರು.

“ಬಾ ಇಲ್ಲಿ. ನೀನು ಕತ್ತರಿಸು.”

ಹೆಂಡತಿ ಬಾಗಿಲಲ್ಲಿ ನಿಂತಳು. ವಕೀಲರು ಹುಬ್ಬೇರಿಸಿದರು. “ಅಮ್ಮಾವ್ರು ಕತ್ತರಿಸ್ತಾರಾ?”

“ಇವಳಪ್ಪ ಈ ಅಂಗಡಿ ಇಟ್ಟವರು. ಕೆಲಸ ಅವರ ಹತ್ತಿರವೇ ಕಲಿತಿದ್ದಾಳೆ, ನಾವು ಕೈಗೆ ಕೊಟ್ಟಿರಲಿಲ್ಲ ಅಷ್ಟೇ” ಎಂದರು ಮಾಸ್ಟರು. ಆಮೇಲೆ ವಕೀಲರಿಗೆ ಚೆನ್ನಾಗಿ ಕೇಳಲಿ ಎಂದು ಇನ್ನೊಮ್ಮೆ ಉಸಿರೆಳೆದುಕೊಂಡರು. “ನನಗೆ ಇರೋ ಕಾಯಿಲೆಯೇ ಅವರಿಗೂ ಇತ್ತು. ಕುಡಿತ ಅಂತ ಹೇಳಿ ಎಲ್ಲರೆದುರು ಕತ್ತರಿ ಕಿತ್ಕೊಂಡವನು ನಾನು. ಅದು ಸುಳ್ಳು. ನೀವು ಕೋರ್ಟಲ್ಲಿ ಬರ್ಕೊಳ್ಳೋದಿದ್ರೆ ಬರ್ಕೊಳ್ಳಿ.”

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಗಂಡನ ಮುಖ ನೋಡಲಿಲ್ಲ, ಗೆರೆ ನೋಡಿದಳು. “ಸ್ವಲ್ಪ ಆ ಕಡೆ ಸರೀರಿ, ಬೆಳಕು ಅಡ್ಡ ಆಗುತ್ತೆ” ಎಂದಳು.

ಕೆಂಡ ಮಿಷನ್ ನಿಲ್ಲಿಸಿ ನೋಡುತ್ತಿದ್ದ. ಕತ್ತರಿಸಲು ನಲವತ್ತು ನಿಮಿಷ ಹಿಡಿಯಿತು, ಮಾಸ್ಟರು ತೆಗೆದುಕೊಳ್ಳುತ್ತಿದ್ದುದರ ಎರಡರಷ್ಟು.

ಮುಂದಿನ ಗುರುವಾರ ವಕೀಲರು ಟ್ರಯಲ್‌ಗೆ ಬಂದರು. ಕೋಟು ಬಲ ಕಂಕುಳಲ್ಲಿ ಕಾಲು ಇಂಚು ಬಿಗಿಯಾಯಿತು. ಹೆಂಡತಿ ಅದು ತನ್ನ ಕತ್ತರಿಯ ತಪ್ಪೆಂದು ವಕೀಲರ ಎದುರೇ ಹೇಳಿ, ಗುರುತು ಹಾಕಿ, ಬಿಚ್ಚಿಸಿ ಸರಿ ಮಾಡಿಸಿದಳು.